ಕಾಲೇಜು ಹುಡುಗರ ಕೈಗೆ ಗುದ್ದಲಿ ಕೊಟ್ಟ ಅರ್ಥಶಾಸ್ತ್ರಜ್ಞ: ವಿ.ಕೆ.ಆರ್.ವಿ. ರಾವ್

ಮುಂಡಗೋಡ: ಜುಲೈ ಬಂತೆಂದರೆ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯ ಕಾಲೇಜುಗಳ ಮುಂದೆ ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿ ಹೊತ್ತ ಗಾಡಿ ಬಂದು ನಿಲ್ಲುವುದು ಮಾಮೂಲು. ಕಪ್ಪು ಪ್ಲಾಸ್ಟಿಕ್ ಕೊಟ್ಟೆಯೊಳಗೆ ನೇರಳೆ, ಹೊನ್ನೆ, ಹಲಸು, ನೆಲ್ಲಿ. ಇಳಿಸಿಕೊಳ್ಳಲು ಎನ್‌ಎಸ್‌ಎಸ್ ಹುಡುಗ ಹುಡುಗಿಯರು. ಎದೆಯ ಮೇಲೆ ರಥದ ಗಾಲಿಯ ಬಿಲ್ಲೆ. ಆ ಗಾಲಿ ಕೋನಾರ್ಕದ ಸೂರ್ಯ ದೇವಾಲಯದ್ದು ಅಂತ ಶಿಬಿರದ ಮೊದಲ ದಿನ ಹೇಳಿಕೊಡುತ್ತಾರೆ. ಈ ಯೋಜನೆಗೆ ದೇಶದಲ್ಲಿ ಚಾಲನೆ ಕೊಟ್ಟ ಮಂತ್ರಿ ಯಾರು ಅಂತ ಕೇಳಿದರೆ ಮಾತ್ರ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಅವರು ಬಳ್ಳಾರಿಯಿಂದ ಗೆದ್ದು ಹೋದ ಸಂಸದರಾಗಿದ್ದರು ಅನ್ನುವುದಂತೂ ಬಹಳ ಮಂದಿಗೆ ಗೊತ್ತೇ ಇಲ್ಲ.

ಹೆಸರು ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್. ಇಷ್ಟುದ್ದ ಹೇಳಲಾಗದೆ ಎಲ್ಲರೂ ವಿ.ಕೆ.ಆರ್.ವಿ. ರಾವ್ ಅಂದರು. ಹುಟ್ಟಿದ್ದು 1908ರ ಜುಲೈ 8ರಂದು, ಕಾಂಚೀಪುರದಲ್ಲಿ. ತೀರಿಕೊಂಡಿದ್ದು 1991ರ ಜುಲೈ 25ರಂದು. ಎರಡೂ ಸಸಿ ನೆಡುವ ತಿಂಗಳಲ್ಲೇ.

ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರಿಗೆ ಈ ಹೆಸರು ಪೂರ್ತಿ ಹೊಸದಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಭಾರತದ ರಾಷ್ಟ್ರೀಯ ಆದಾಯ ಅಂದಾಜು ಮಾಡಿದವರ ಪಟ್ಟಿಯಲ್ಲಿ ದಾದಾಭಾಯಿ ನವರೋಜಿ, ವಿಲಿಯಂ ಡಿಗ್ಬಿ, ಫಿಂಡ್ಲೇ ಶಿರಾಸ್ ಹೆಸರಿನ ಜತೆ ರಾವ್ ಹೆಸರೂ ಇರುತ್ತದೆ. ಒಂದು ಅಂಕದ ಪ್ರಶ್ನೆ. ಪರೀಕ್ಷೆ ಮುಗಿದ ಮೇಲೆ ಮರೆತು ಹೋಗುವಂಥದ್ದು. ಆದರೆ ಆ ಒಂದು ಅಂಕದ ಹಿಂದಿನ ಕೆಲಸ ಸಣ್ಣದಲ್ಲ.

ಪೇಟೆಗೆ ಬಾರದ್ದನ್ನೂ ಎಣಿಸಿದವರು

ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಓದಿ, ಅಲ್ಲಿನ ವಿಶ್ವವಿದ್ಯಾಲಯದ ಎಂ.ಎ. ಮುಗಿಸಿ ರಾವ್ ಕೇಂಬ್ರಿಡ್ಜ್‌ಗೆ ಹೋದರು. ಅಲ್ಲಿ ಸೇರಿದ್ದು ಗಾನ್‌ವಿಲ್ ಅಂಡ್ ಕೀಸ್ ಕಾಲೇಜು. ಅದು ಕೇನ್ಸ್ ಎಂಬ ಅರ್ಥಶಾಸ್ತ್ರಜ್ಞನ ಕಾಲ. 1936ರಲ್ಲಿ ಕೇನ್ಸ್ ಬರೆದ ಪುಸ್ತಕ ಇಡೀ ಜಗತ್ತಿನ ಸರ್ಕಾರಗಳ ಯೋಚನೆಯನ್ನೇ ಬದಲಿಸಿತು. ಆದರೆ ರಾವ್ ಹಿಡಿದುಕೊಂಡಿದ್ದು ತಮ್ಮದೇ ದೇಶದ ಒಂದು ಪ್ರಶ್ನೆ. ಇಷ್ಟು ಕೋಟಿ ಜನ ವರ್ಷವಿಡೀ ದುಡಿದು ಗಳಿಸುವುದೆಷ್ಟು? ಒಬ್ಬನ ಪಾಲಿಗೆ ಬರುವುದೆಷ್ಟು? 1937ರಲ್ಲಿ ಅವರಿಗೆ ಡಾಕ್ಟರೇಟ್ ಸಿಕ್ಕಿದ್ದು ಇದೇ ವಿಷಯಕ್ಕೆ.

ಆಫೀಸಿನಲ್ಲಿ ಕುಳಿತು ಕಡತ ನೋಡಿ ಈ ಲೆಕ್ಕ ಮುಗಿಸಲು ಆಗುತ್ತಿರಲಿಲ್ಲ. ಕಾರ್ಖಾನೆಯ ಉತ್ಪನ್ನಕ್ಕೆ ಪುಸ್ತಕ ಇರುತ್ತದೆ. ರೈಲ್ವೆಗೆ ಇರುತ್ತದೆ. ಹಳ್ಳಿಯ ಮನೆಯ ಹಿಂದೆ ಬೆಳೆದ ಬಸಳೆ, ಹೀರೆಕಾಯಿ, ಮನೆಯಲ್ಲೇ ಕರೆದು ಮಕ್ಕಳಿಗೆ ಕುಡಿಸಿದ ಹಾಲು, ಕಾಡಿನಿಂದ ತಂದ ಸೌದೆ ಇವುಗಳಿಗೆ ಯಾವ ಪುಸ್ತಕ? ದೇಶದ ಬದುಕಿನ ದೊಡ್ಡ ಪಾಲು ನಡೆಯುತ್ತಿದ್ದದ್ದೇ ಹೀಗೆ, ಪೇಟೆಗೆ ಬಾರದೆ. ಅದನ್ನು ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ರಾವ್ ಎರಡು ದಾರಿ ಕೂಡಿಸಿದರು. ಹೊಲ, ಕಾಡು, ದನಕರುಗಳಂಥವಕ್ಕೆ ಉತ್ಪನ್ನದ ಬೆಲೆ ಕಟ್ಟಿದರು. ವ್ಯಾಪಾರ, ನೌಕರಿ, ಸೇವೆಗಳಿಗೆ ಜನರ ಗಳಿಕೆ ಹಿಡಿದರು. 1931-32ನೇ ಸಾಲಿಗೆ ಬ್ರಿಟಿಷ್ ಇಂಡಿಯಾದ ಒಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 62 ರೂಪಾಯಿ ಎಂಬ ಅಂದಾಜು ಹೊರಬಂತು. ಅದರೊಳಗೆ ಹಳ್ಳಿಯವನದು ಬೇರೆ, ಪಟ್ಟಣದವನದು ಬೇರೆ ಮಾಡಿ ನೋಡಿದರೆ ಪಟ್ಟಣದವನ ಪಾಲು ಹಳ್ಳಿಯವನ ಮೂರು ಪಟ್ಟಿನಷ್ಟು. ಬ್ರಿಟಿಷರ ಆಡಳಿತದಲ್ಲಿ ದೇಶ ಉದ್ಧಾರವಾಗುತ್ತಿದೆ ಅನ್ನುವ ಮಾತಿಗೆ ಅಂಕಿಯಲ್ಲೇ ಉತ್ತರ ಸಿಕ್ಕಂತಾಯಿತು.

ಈ ಎಣಿಕೆಯಲ್ಲೂ ಒಂದು ತೂತು ಉಳಿಯುತ್ತದೆ. ಅದು ರಾವ್ ಒಬ್ಬರದಲ್ಲ, ಇವತ್ತಿಗೂ ಜಗತ್ತಿನ ಎಲ್ಲ ದೇಶಗಳ ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿರುವ ತೂತು. ಸಂಬಳ ಇಲ್ಲದೆ ಇನ್ನೊಬ್ಬರಿಗಾಗಿ ಮಾಡಿದ ಕೆಲಸ ಅದರಲ್ಲಿ ಬರುವುದಿಲ್ಲ. ಕೂಲಿ ಕೊಟ್ಟು ಕಾಲೇಜಿನ ಅಂಗಳ ಗುಡಿಸಿಸಿದರೆ ದೇಶದ ಆದಾಯ ಅಷ್ಟು ಹೆಚ್ಚುತ್ತದೆ. ನೂರು ಹುಡುಗರು ಶ್ರಮದಾನದಲ್ಲಿ ಗುಡಿಸಿದರೆ ಅಂಗಳ ಅಷ್ಟೇ ಚೊಕ್ಕವಾಗುತ್ತದೆ, ಆದಾಯದ ಕಾಲಂ ಮಾತ್ರ ಖಾಲಿ. ದೇಶದ ದುಡಿಮೆಯನ್ನು ಎಣಿಸಿ ಹೆಸರು ಮಾಡಿದ ಮನುಷ್ಯನೇ ಮುಂದೆ ಎಣಿಕೆಗೆ ಸಿಗದ ದುಡಿಮೆಯ ಯೋಜನೆಗೆ ಚಾಲನೆ ಕೊಟ್ಟರು ಅನ್ನುವುದು ಅವರ ಬದುಕಿನ ದೊಡ್ಡ ತಮಾಷೆ. ದೊಡ್ಡತನವೂ ಹೌದು.

ಅನ್ನದ ಲೆಕ್ಕ

1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಕೆಲವು ಅಂದಾಜುಗಳು 30 ಲಕ್ಷದವರೆಗೆ ಹೋಗುತ್ತವೆ. ಅಕ್ಕಿ ಎಲ್ಲಿದೆ, ಎಷ್ಟಿದೆ, ಯಾರ ಹತ್ತಿರ ಇದೆ ಅನ್ನುವ ಸರಿಯಾದ ಅಂಕಿಯೇ ಸರ್ಕಾರದ ಬಳಿ ಇರಲಿಲ್ಲ. ಅದರ ಮರುವರ್ಷ, 1944ರಲ್ಲಿ, ರಾವ್ ಭಾರತ ಸರ್ಕಾರದಲ್ಲಿ ಅಂಕಿಅಂಶ ನಿರ್ದೇಶಕರಾದರು. ಯುದ್ಧ ಮುಗಿದ ಮೇಲೆ 1946-47ರಲ್ಲಿ ವಾಷಿಂಗ್ಟನ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ಆಹಾರ ಮತ್ತು ಆರ್ಥಿಕ ಸಲಹೆಗಾರ. ದೇಶಕ್ಕೆ ಹೊರಗಿನಿಂದ ಕಾಳು ತರಿಸುವ ಮಾತುಕತೆಯ ಕಾಲ ಅದು.

ಅಲ್ಲಿಂದ ವಿಶ್ವಸಂಸ್ಥೆ. ಆರ್ಥಿಕ ಅಭಿವೃದ್ಧಿಯ ಉಪ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. ಬಡ ದೇಶಗಳಿಗೆ ಕಡಿಮೆ ಬಡ್ಡಿಗೆ, ದೀರ್ಘ ಅವಧಿಗೆ ಹಣ ಸಿಗುವ ಒಂದು ಜಾಗತಿಕ ವ್ಯವಸ್ಥೆ ಬೇಕು ಅಂತ 1949ರಲ್ಲೇ ಅವರು ಪಟ್ಟು ಹಿಡಿದರು. ಶ್ರೀಮಂತ ದೇಶಗಳು ಆಗ ಒಪ್ಪಲಿಲ್ಲ. ಹನ್ನೊಂದು ವರ್ಷದ ನಂತರ, 1960ರಲ್ಲಿ, ಅದೇ ಜಾಡಿನ ಸಾಲ ಕೊಡುವ ಸಂಸ್ಥೆ ವಿಶ್ವಬ್ಯಾಂಕಿನ ಅಡಿಯಲ್ಲಿ ಬಂತು.

1952ರಲ್ಲಿ ಅವರು ಬರೆದ ಒಂದು ಲೇಖನವನ್ನು ಅರ್ಥಶಾಸ್ತ್ರದ ಮೇಷ್ಟ್ರುಗಳು ಇವತ್ತಿಗೂ ಕ್ಲಾಸಿನಲ್ಲಿ ಹೇಳುತ್ತಾರೆ. ಕೇನ್ಸ್ ಹೇಳಿದ ಸೂತ್ರ ಭಾರತದಂಥ ದೇಶಕ್ಕೆ ಹಾಗೆಯೇ ಹೊಂದುವುದಿಲ್ಲ ಅನ್ನುವುದು ಅದರ ತಿರುಳು. ಇಂಗ್ಲೆಂಡಿನಲ್ಲಿ ಸರ್ಕಾರ ದುಡ್ಡು ಖರ್ಚು ಮಾಡಿದರೆ ನಿಂತ ಯಂತ್ರ ಮತ್ತೆ ತಿರುಗುತ್ತದೆ, ಕೆಲಸ ಇಲ್ಲದವನಿಗೆ ಕೆಲಸ ಸಿಗುತ್ತದೆ. ಇಲ್ಲಿ ಜನ ದುಡಿಯುವುದು ಹೆಚ್ಚಾಗಿ ಮನೆತನದ ಹೊಲದಲ್ಲಿ. ಇಬ್ಬರು ಮಾಡುವ ಕೆಲಸವನ್ನು ಐವರು ಹಂಚಿಕೊಂಡಿರುತ್ತಾರೆ. ಹೆಸರಿಗೆ ನಿರುದ್ಯೋಗಿ ಅಲ್ಲ, ಕೈ ಮಾತ್ರ ಅರ್ಧ ಖಾಲಿ. ಅಲ್ಲಿ ದುಡ್ಡು ಸುರಿದರೆ ಬೆಳೆ ಹೆಚ್ಚುವ ಮೊದಲು ಬೆಲೆ ಹೆಚ್ಚುತ್ತದೆ. ಹಾಗಾದರೆ ಖಾಲಿ ಕೈಗಳಿಗೆ ಕೆಲಸ ಹಚ್ಚುವುದು ಹೇಗೆ? ಈ ಪ್ರಶ್ನೆ ರಾವ್ ಅವರನ್ನು ಕಡೆಯವರೆಗೂ ಬಿಡಲಿಲ್ಲ.

ಸಂಸ್ಥೆ ಕಟ್ಟುವ ಹುಚ್ಚು

ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ 1949ರಲ್ಲಿ ಶುರುವಾಗಿದ್ದು ಅವರಿಂದ. ಮುಂದೆ ಅಮರ್ತ್ಯ ಸೇನ್ ಪಾಠ ಮಾಡಿದ, ಮನಮೋಹನ್ ಸಿಂಗ್ ಪಾಠ ಮಾಡಿದ ಶಾಲೆ ಅದು. 1957ರಿಂದ 1960ರವರೆಗೆ ರಾವ್ ದಿಲ್ಲಿ ವಿಶ್ವವಿದ್ಯಾಲಯದ ಕುಲಪತಿ. ಅದರ ನಡುವೆ 1958ರಲ್ಲಿ ಆರ್ಥಿಕ ಬೆಳವಣಿಗೆಯ ಸಂಶೋಧನೆಗೆಂದೇ ಇನ್ನೊಂದು ಸಂಸ್ಥೆ, ಅದೇ ವಿಶ್ವವಿದ್ಯಾಲಯದ ಬಗಲಲ್ಲಿ.

ಅವರು ಕುಲಪತಿಯಾಗಿದ್ದ ಆ ಮೂರು ವರ್ಷಗಳಲ್ಲೇ ದಿಲ್ಲಿಯಲ್ಲಿ ಒಂದು ಚರ್ಚೆ ಜೋರಾಗಿತ್ತು. ಓದುವ ಹುಡುಗರು ಮೈ ಬಗ್ಗಿಸಿ ಸಮಾಜದ ಕೆಲಸ ಮಾಡಬೇಕೋ ಬೇಡವೋ? ಮಾಡಬೇಕಾದರೆ ಕಡ್ಡಾಯವೋ, ಮನಸ್ಸಿದ್ದವರಿಗೆ ಮಾತ್ರವೋ?

ಚರ್ಚೆ ಹಳೆಯದು. ವಿದ್ಯಾರ್ಥಿಗಳು ಬಿಡುವಿನ ಹೊತ್ತನ್ನು ಹಳ್ಳಿಗೆ ಕೊಡಬೇಕು ಅಂತ ಗಾಂಧೀಜಿ ಮೊದಲಿನಿಂದ ಹೇಳುತ್ತ ಬಂದಿದ್ದರು. ಡಾ. ರಾಧಾಕೃಷ್ಣನ್ ನೇತೃತ್ವದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಸ್ವಇಚ್ಛೆಯ ಸೇವೆ ಇರಲಿ ಅಂದಿತು. ಮೊದಲ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಶ್ರಮ ಶಿಬಿರಗಳು ಶುರುವಾದವು. ಕ್ಯಾಂಪಸ್ ಕೆಲಸದ ಯೋಜನೆ ಅಂತಲೇ ಒಂದಿತ್ತು. ವಿಶ್ವವಿದ್ಯಾಲಯದ ಆವರಣದಲ್ಲಿ ವಿದ್ಯಾರ್ಥಿಗಳೇ ತಮಗೆ ಬೇಕಾದ್ದನ್ನು ಕಟ್ಟಿಕೊಳ್ಳುವಂಥದ್ದು. 1958ರಲ್ಲಿ ನೆಹರೂ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಪದವಿ ಕೊಡುವ ಮೊದಲು ಸಮಾಜ ಸೇವೆ ಆಗಿರಬೇಕು ಎಂಬ ವಿಚಾರ ಮುಂದಿಟ್ಟರು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ಒಂದು ಹೆಜ್ಜೆ ಮುಂದೆ ಹೋಯಿತು. ಹೈಸ್ಕೂಲು ಮುಗಿಸಿ ಕಾಲೇಜು ಸೇರುವ ಪ್ರತಿಯೊಬ್ಬರೂ ಒಂಬತ್ತು ತಿಂಗಳಿಂದ ಒಂದು ವರ್ಷ ಕಡ್ಡಾಯವಾಗಿ ರಾಷ್ಟ್ರಸೇವೆ ಮಾಡಲಿ ಅಂತ ಶಿಫಾರಸು ಕೊಟ್ಟಿತು. ಖರ್ಚು ನೋಡಿ ಸರ್ಕಾರ ಹಿಂಜರಿಯಿತು. ಬೇರೆ ಬೇರೆ ದೇಶಗಳಲ್ಲಿ ಏನು ಮಾಡುತ್ತಾರೆ ಅಂತ ನೋಡಿ ಬರಲು ಕೆ.ಜಿ. ಸಯ್ಯಿದೈನ್ ಅವರನ್ನು ಕಳಿಸಿದರು. ಅವರು ಬಂದು, ಒತ್ತಾಯ ಬೇಡ, ಇಷ್ಟಪಟ್ಟು ಬರುವವರಿಂದ ಶುರು ಮಾಡೋಣ ಅನ್ನುವ ಅರ್ಥದ ವರದಿ ಕೊಟ್ಟರು. ವರದಿಗಳು ಕಪಾಟು ಸೇರಿದವು.

ಆಮೇಲೆ 1962ರ ಚೀನಾ ಯುದ್ಧ. ಮರುವರ್ಷ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. ಹುಡುಗರ ಕೈಗೆ ಮೊದಲು ಬಂದಿದ್ದು ಬಂದೂಕು. ಗುದ್ದಲಿ ಬರಲು ಇನ್ನೂ ಆರು ವರ್ಷ ಕಾಯಬೇಕಾಯಿತು.

ಬಳ್ಳಾರಿಯಿಂದ ದಿಲ್ಲಿಗೆ

1963ರಿಂದ 1966ರವರೆಗೆ ರಾವ್ ಯೋಜನಾ ಆಯೋಗದ ಸದಸ್ಯರು. 1967ರ ಚುನಾವಣೆಯಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದರು. ಇಂದಿರಾ ಗಾಂಧಿಯವರ ಸಂಪುಟದಲ್ಲಿ ಮೊದಲು ಸಾರಿಗೆ ಮತ್ತು ಹಡಗು ಖಾತೆ. 1969ರ ಫೆಬ್ರುವರಿಯಲ್ಲಿ ಶಿಕ್ಷಣ ಮತ್ತು ಯುವಜನ ಸೇವೆ.

ಎನ್‌ಸಿಸಿ ಎಲ್ಲರಿಗೂ ಕಡ್ಡಾಯ ಬೇಡ, ಅದಕ್ಕೆ ಬದಲಾಗಿ ಇನ್ನೊಂದು ದಾರಿ ಇರಲಿ ಅಂತ 1967ರಲ್ಲೇ ರಾಜ್ಯಗಳ ಶಿಕ್ಷಣ ಮಂತ್ರಿಗಳು ಕೂತು ತೀರ್ಮಾನಿಸಿದ್ದರು. ಆ ದಾರಿಗೆ ರಾಷ್ಟ್ರೀಯ ಸೇವಾ ಯೋಜನೆ ಅಂತ ಹೆಸರೂ ಇಟ್ಟಾಗಿತ್ತು. ನಾಲ್ಕನೇ ಪಂಚವಾರ್ಷಿಕ ಯೋಜನೆಯಲ್ಲಿ 5 ಕೋಟಿ ರೂಪಾಯಿ ತೆಗೆದಿಡಲು ಒಪ್ಪಿಗೆ ಸಿಕ್ಕಿತು. ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬುವ ಅಕ್ಟೋಬರ್ 2 ಹತ್ತಿರ ಬರುತ್ತಿತ್ತು. ಅದಕ್ಕೆ ಎಂಟು ದಿನ ಮೊದಲು, 1969ರ ಸೆಪ್ಟೆಂಬರ್ 24ರಂದು, ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಯೋಜನೆಗೆ ಚಾಲನೆ ಕೊಟ್ಟರು. ಮೊದಲ ವರ್ಷದ ಗುರಿ 40 ಸಾವಿರ ವಿದ್ಯಾರ್ಥಿಗಳು. ಈಗ ಆ ಸಂಖ್ಯೆ 40 ಲಕ್ಷದ ಆಸುಪಾಸಿನಲ್ಲಿದೆ.

ಇಷ್ಟು ವರ್ಷ ಕಪಾಟಿನಲ್ಲಿ ಕೂತಿದ್ದ ವಿಚಾರಕ್ಕೆ ಕಾಲು ಬಂದಿದ್ದು ರಾವ್ ಆ ಕುರ್ಚಿಯಲ್ಲಿದ್ದಾಗ. ಯೋಜನೆ ಅವರೊಬ್ಬರ ತಲೆಯಿಂದ ಬಂದದ್ದಲ್ಲ, ಹಾಗೆ ಹೇಳುವುದು ತಪ್ಪಾಗುತ್ತದೆ. ಆದರೆ ಕುಲಪತಿಯಾಗಿ ಕ್ಯಾಂಪಸ್ ನೋಡಿದ್ದವರು, ಯೋಜನಾ ಆಯೋಗದಲ್ಲಿ ಹಣದ ದಾರಿ ನೋಡಿದ್ದವರು, ಖಾಲಿ ಕೈಗಳ ಅರ್ಥಶಾಸ್ತ್ರ ಬರೆದಿದ್ದವರು ಒಬ್ಬರೇ ಮಂತ್ರಿಯಾಗಿ ಸಿಕ್ಕಿದ್ದು ಯೋಜನೆಯ ಪುಣ್ಯ.

ಅದೇ ವರ್ಷ, ಮುಂಡಗೋಡದ ಕಾಡಿನಲ್ಲಿ

ದಿಲ್ಲಿಯಲ್ಲಿ ವಿದ್ಯಾರ್ಥಿಗಳ ಕೈಗೆ ಗುದ್ದಲಿ ಕೊಡುವ ಸಮಾರಂಭ ನಡೆದ 1969ರಲ್ಲೇ ಮುಂಡಗೋಡದಲ್ಲಿ ಇನ್ನೊಂದು ಬಗೆಯ ವಿದ್ಯಾರ್ಥಿಗಳು ಯಾವ ಸಮಾರಂಭವೂ ಇಲ್ಲದೆ ಗುದ್ದಲಿ ಹಿಡಿದರು.

ಟಿಬೆಟನ್ ಕಾಲೊನಿಗೆ ಅಡಿಪಾಯ ಬಿದ್ದಿದ್ದು 1966ರಲ್ಲಿ. ಎಸ್. ನಿಜಲಿಂಗಪ್ಪನವರು ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿ. ಮೊದಲು ಬಂದವರು ಸಂಸಾರಸ್ಥರು. ಮೂರು ವರ್ಷದ ಮೇಲೆ ಭಿಕ್ಷುಗಳು ಬಂದರು. ಲ್ಹಾಸಾ ಹತ್ತಿರದ ಗಾಡೆನ್, ಡ್ರೆಪುಂಗ್ ಮಹಾವಿಹಾರಗಳಿಂದ 1959ರಲ್ಲಿ ಓಡಿ ಬಂದವರು ಇವರು. ಹತ್ತು ವರ್ಷ ಪಶ್ಚಿಮ ಬಂಗಾಳದ ಬಕ್ಸಾ ಎಂಬಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಹಳೆಯ ಬಂದೀಖಾನೆಯ ಶೆಡ್ಡುಗಳಲ್ಲಿ ಕೂತು ಓದು ಮುಂದುವರಿಸಿದ್ದರು. ತಣ್ಣನೆಯ ದೇಶದಿಂದ ಬಂದವರಿಗೆ ಅಲ್ಲಿನ ತೇವ, ಸೆಕೆ ತಡೆಯಲಾಗಲಿಲ್ಲ. ಕ್ಷಯ ಹಿಡಿದು ಎಷ್ಟೋ ಜನ ಅಲ್ಲೇ ತೀರಿಕೊಂಡರು. ಉಳಿದವರಲ್ಲಿ ಸೆರಾ ವಿಹಾರದವರು ಬೈಲಕುಪ್ಪೆಗೆ ಹೋದರೆ, ಗಾಡೆನ್ ಮತ್ತು ಡ್ರೆಪುಂಗ್‌ನವರು ಮುಂಡಗೋಡಕ್ಕೆ ಬಂದರು. ಇವತ್ತು ಲಾಮಾ ಕ್ಯಾಂಪ್ 1, ಲಾಮಾ ಕ್ಯಾಂಪ್ 2 ಅಂತ ಆಟೋದವರು ಕರೆಯುವ ಜಾಗಗಳು ಇವೇ.

ಇವು ಬರೀ ದೇವಸ್ಥಾನಗಳಲ್ಲ ಅನ್ನುವುದನ್ನು ಹೊರಗಿನವರು ಬೇಗ ಮರೆಯುತ್ತಾರೆ. ಗಾಡೆನ್ ಶುರುವಾಗಿದ್ದು 1409ರಲ್ಲಿ, ಡ್ರೆಪುಂಗ್ 1416ರಲ್ಲಿ. ತರ್ಕ, ದರ್ಶನ, ವಿನಯ ಎಲ್ಲ ಓದಿ ಗೆಶೆ ಪದವಿ ಪಡೆಯಲು ಹದಿನೈದು ಇಪ್ಪತ್ತು ವರ್ಷ ಬೇಕಾಗುವ ವಿಶ್ವವಿದ್ಯಾಲಯಗಳು.

ಅಂಥ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಮುಂಡಗೋಡದಲ್ಲಿ ಸಿಕ್ಕಿದ್ದು ಕಾಡು ನೆಲ. ಕುಂಟೆ ಕೀಳಬೇಕು, ಮಟ್ಟಿ ಸವರಬೇಕು, ಗೋವಿನಜೋಳ ಹಾಕಬೇಕು, ಕಾಡುಪ್ರಾಣಿಗಳಿಂದ ಬೆಳೆ ಕಾಯಬೇಕು. ಇದರಲ್ಲಿ ಮೈ ನೋವಿಗಿಂತ ದೊಡ್ಡ ತೊಡಕೊಂದಿತ್ತು. ಬೌದ್ಧ ಭಿಕ್ಷುಗಳ ವಿನಯ ನಿಯಮದಲ್ಲಿ ನೆಲ ಅಗೆಯುವುದು, ಹಸಿರು ಗಿಡ ಕಡಿಯುವುದು ತಪ್ಪುಗಳ ಪಟ್ಟಿಯಲ್ಲಿದೆ. ಮಣ್ಣಿನೊಳಗಿನ ಜೀವಕ್ಕೆ ಕೇಡಾಗುತ್ತದೆ ಅಂತ. ಆ ನಿಯಮ ಬಾಯಿಪಾಠ ಮಾಡಿದವರೇ ಹಗಲು ಹೊಲದಲ್ಲಿ ಅಗೆಯಬೇಕಾಯಿತು, ಸಂಜೆ ಅಂಗಳದಲ್ಲಿ ಕೂತು ಅದೇ ಶಾಸ್ತ್ರದ ಮೇಲೆ ವಾದ ಮಾಡಬೇಕಾಯಿತು. ಅಗೆಯದಿದ್ದರೆ ಊಟ ಇಲ್ಲ. ಊಟ ಇಲ್ಲದಿದ್ದರೆ ವಿಶ್ವವಿದ್ಯಾಲಯವೂ ಇಲ್ಲ.

ರಾವ್ ಅವರ ಯೋಜನೆಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಅಲ್ಲಿನದು ಸ್ವಇಚ್ಛೆ, ಇಲ್ಲಿನದು ಹೊಟ್ಟೆಪಾಡು. ಆದರೆ ಓದುವವನು ತನ್ನ ಕ್ಯಾಂಪಸ್ಸಿನ ಮಣ್ಣು ಮುಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಈ ತಾಲೂಕಿನವರು ದೂರ ಹೋಗಿ ಉದಾಹರಣೆ ಹುಡುಕಬೇಕಿಲ್ಲ. ಇವತ್ತು ಕಾಲೊನಿಯ ಒಳಗೆ ಬಂದ ಪ್ರವಾಸಿಗರು ಬಂಗಾರದ ಬಣ್ಣದ ಚಾವಣಿ ನೋಡಿ ಫೋಟೊ ಹೊಡೆದುಕೊಳ್ಳುತ್ತಾರೆ. ಆ ಚಾವಣಿಗಿಂತ ಮೊದಲು ಇದ್ದದ್ದು ಗೋವಿನಜೋಳದ ಸಾಲು.

ಕಾಲೊನಿಯ ಶಾಲೆಗೂ ದಿಲ್ಲಿಯ ಆ ಸಚಿವಾಲಯಕ್ಕೂ ನಂಟಿತ್ತು. ಟಿಬೆಟನ್ ಮಕ್ಕಳ ಶಾಲೆಗಳನ್ನು ನಡೆಸಲೆಂದು 1961ರಲ್ಲಿ ಕೇಂದ್ರ ಸರ್ಕಾರ ಮಾಡಿದ ಸಂಸ್ಥೆ ಶಿಕ್ಷಣ ಸಚಿವಾಲಯದ ಕೆಳಗೇ ಇತ್ತು. ರಾವ್ ಮಂತ್ರಿಯಾದಾಗ ಅದೂ ಅವರ ಖಾತೆಯ ಸುಪರ್ದಿಯಲ್ಲೇ.

1969ರ ಕೊನೆಯಲ್ಲಿ ಕಾಂಗ್ರೆಸ್ ಎರಡಾಯಿತು. ಟಿಬೆಟನ್ನರಿಗೆ ನೆಲ ಕೊಟ್ಟ ನಿಜಲಿಂಗಪ್ಪ ಒಂದು ಕಡೆ, ರಾವ್ ಇಂದಿರಾ ಜತೆ ಇನ್ನೊಂದು ಕಡೆ. 1971ರ ಚುನಾವಣೆಯಲ್ಲಿ ಇಂದಿರಾ ಪಕ್ಷ ಮೈಸೂರು ರಾಜ್ಯದ ಎಲ್ಲ 27 ಸ್ಥಾನ ಬಾಚಿಕೊಂಡಿತು. ಬಳ್ಳಾರಿಯಲ್ಲಿ ರಾವ್ ಮತ್ತೆ ಗೆದ್ದರು. ಮಂತ್ರಿಗಿರಿ ಮಾತ್ರ ಮುಂದುವರಿಯಲಿಲ್ಲ.

240 ತಾಸಿನ ಕಥೆ

ರಾವ್ ಹೋದ ಮೇಲೂ ಯೋಜನೆ ಬೆಳೆಯಿತು. 1973ರಲ್ಲಿ ದೇಶದ ಹಲವು ಕಡೆ ಬರ ಬಿದ್ದಾಗ ವಿದ್ಯಾರ್ಥಿಗಳನ್ನು ಕ್ಷಾಮದ ವಿರುದ್ಧದ ಕೆಲಸಕ್ಕೆ ಇಳಿಸಿದರು. ಆಮೇಲೆ ಕೊಳಕು, ರೋಗದ ವಿರುದ್ಧ. ಆಮೇಲೆ ಕಾಡು ಬೆಳೆಸುವುದಕ್ಕೆ. ಕೆರೆ ಹೂಳು, ಹಳ್ಳಿ ರಸ್ತೆ, ರಕ್ತದಾನ ಎಲ್ಲ ಬಂತು. ಎಲ್ಲದರ ನಡುವೆ ಪ್ರತಿ ಕಾಲೇಜಿನಲ್ಲೂ ತಪ್ಪದೆ ನಡೆದುಕೊಂಡು ಬಂದಿರುವುದು ಕ್ಯಾಂಪಸ್ಸಿನ ಕೈತೋಟ, ಸಸಿ ನೆಡುವುದು. ಅದಕ್ಕೆ ಬಸ್ಸು ಬೇಡ, ಬಜೆಟ್ಟೂ ಹೆಚ್ಚು ಬೇಡ.

ನಿಯಮ ಹೀಗಿದೆ. ಒಂದು ಘಟಕಕ್ಕೆ ನೂರು ಸ್ವಯಂಸೇವಕರು. ಒಬ್ಬ ಕಾರ್ಯಕ್ರಮಾಧಿಕಾರಿ, ಅಂದರೆ ಪಾಠದ ಜತೆ ಇದನ್ನೂ ಹೊತ್ತ ಒಬ್ಬ ಮೇಷ್ಟ್ರು. ಪ್ರತಿ ವಿದ್ಯಾರ್ಥಿ ವರ್ಷಕ್ಕೆ 120 ತಾಸು, ಎರಡು ವರ್ಷಕ್ಕೆ 240 ತಾಸು ದುಡಿಯಬೇಕು. ಜತೆಗೆ ಏಳು ದಿನದ ಒಂದು ಶಿಬಿರ. ಮುಗಿದ ಮೇಲೆ ಪ್ರಮಾಣಪತ್ರ.

ದೇಶದ ಆದಾಯಕ್ಕೆ ಸೇರದ ದುಡಿಮೆಗೆ ಇಲ್ಲಿ ತಾಸಿನ ಲೆಕ್ಕ ಬಂತು. ರಿಜಿಸ್ಟರು ಬಂತು. ಎಲ್ಲಿ ತಾಸಿನ ಲೆಕ್ಕ ಇದೆಯೋ ಅಲ್ಲಿ ತಾಸು ತುಂಬಿಸುವುದೂ ಶುರುವಾಗುತ್ತದೆ. ಹತ್ತು ಜನ ಒಂದು ಸಸಿ ಹಿಡಿದು ನಿಂತ ಫೋಟೊ ಎಲ್ಲರೂ ನೋಡಿದ್ದೇ. ಗುಂಡಿ ಕಳೆದ ವರ್ಷದ್ದೇ, ಸಸಿ ಮಾತ್ರ ಹೊಸದು ಅನ್ನುವ ಜೋಕಿಗೆ ಕಾರ್ಯಕ್ರಮಾಧಿಕಾರಿಗಳೇ ಮೊದಲು ನಗುತ್ತಾರೆ.

ಈ ಕಡೆಯ ಹವಾಮಾನಕ್ಕೆ ಜೋಕಿನ ಹಿಂದಿನ ಕಾರಣ ಸರಳ. ಜೂನ್, ಜುಲೈನಲ್ಲಿ ನೆಟ್ಟ ಸಸಿಗೆ ಮಳೆಗಾಲದಲ್ಲಿ ಯಾರೂ ಬೇಕಿಲ್ಲ. ನವೆಂಬರ್ ತನಕ ನೆಲದಲ್ಲಿ ಹಸಿ ಇರುತ್ತದೆ. ಜನವರಿಯಿಂದ ಮೇ ವರೆಗೆ ಅದು ಸಾಯುತ್ತದೆ. ಮುಂಡಗೋಡ ಅರೆಮಲೆನಾಡು, ಕರಾವಳಿಯ ಹಾಗೆ ಅಲ್ಲ. ಬೇಸಿಗೆಯಲ್ಲಿ ನೆಲ ಗಟ್ಟಿ ಹೆಂಟೆಯಾಗುತ್ತದೆ. ದನ ಬೇರೆ ಒಳಗೆ ನುಗ್ಗುತ್ತವೆ. ಆ ಹೊತ್ತಿಗೆ ಹುಡುಗರಿಗೆ ಪರೀಕ್ಷೆ, ಆಮೇಲೆ ರಜೆ.

ರಾವ್ ಅವರ ಬುದ್ಧಿಯಲ್ಲೇ ಒಂದು ಲೆಕ್ಕ ಹಾಕಿ ನೋಡಬಹುದು. ನೂರು ಸಸಿ ಅಂತಿಟ್ಟುಕೊಳ್ಳಿ. ಒಂದೊಂದಕ್ಕೆ ವಾರಕ್ಕೆ ಎರಡು ಸಲ ನೀರು, ಒಂದು ಸಲಕ್ಕೆ ಕೊಡ ಹೊತ್ತು ಹಾಕಲು ಐದು ನಿಮಿಷ. ಬೇಸಿಗೆಯ ಇಪ್ಪತ್ತು ವಾರ. ಎಲ್ಲ ಕೂಡಿಸಿದರೆ ಸುಮಾರು 333 ತಾಸು. ಒಂದು ಘಟಕದ ನೂರು ಜನ ವರ್ಷಕ್ಕೆ ಕೊಡಬೇಕಾದ ತಾಸು 12 ಸಾವಿರ. ನೂರು ಮರ ಉಳಿಸಲು ಬೇಕಾದ್ದು ಅದರಲ್ಲಿ ನೂರಕ್ಕೆ ಮೂರು ಪಾಲೂ ಅಲ್ಲ. ಕೈ ಕಡಿಮೆಯಾಗಿ ಗಿಡ ಸತ್ತಿತು ಅನ್ನುವ ಹಾಗಿಲ್ಲ. ತಾಸುಗಳೆಲ್ಲ ಮಳೆಗಾಲಕ್ಕೂ ಶಿಬಿರದ ವಾರಕ್ಕೂ ಖರ್ಚಾಗಿ, ಏಪ್ರಿಲ್‌ಗೆ ಒಂದೂ ಉಳಿಯುವುದಿಲ್ಲ ಅಷ್ಟೇ.

ತರಕಾರಿ ಮಡಿಗೆ ಈ ತಾಪತ್ರಯ ಕಡಿಮೆ. ಹರಿವೆ ಬೀಜ ಚೆಲ್ಲಿದರೆ ತಿಂಗಳೊಳಗೆ ಸೊಪ್ಪು. ಬೆಂಡೆ ಎರಡು ತಿಂಗಳೊಳಗೆ ಕೊಯ್ಲು. ಕಾಲೇಜಿನ ವರ್ಷದೊಳಗೇ ಬಿತ್ತಿ, ಕಿತ್ತು, ಹಾಸ್ಟೆಲ್ಲಿನ ಸಾಂಬಾರಿಗೆ ಹಾಕಬಹುದು. ನಲ್ಲಿ ಕಟ್ಟೆಯಲ್ಲಿ ಕೈ ತೊಳೆದ ನೀರನ್ನು ಪಾತಿಗೆ ತಿರುಗಿಸಿದರೆ ಬಸಳೆ ಚಪ್ಪರಕ್ಕೆ ಬೇರೆ ನೀರು ಬೇಡ. ಅಡುಗೆಮನೆಯ ಸಿಪ್ಪೆ, ಉದುರಿದ ಎಲೆ ಒಂದು ಗುಂಡಿಗೆ ಬಿದ್ದರೆ ಮುಂದಿನ ವರ್ಷಕ್ಕೆ ಗೊಬ್ಬರ. ಪಟ್ಟಣದ ಕಾಲೇಜುಗಳಲ್ಲಿ ಕೈತೋಟ ಗೆದ್ದಿರುವುದು ಇಂಥ ಸಣ್ಣ ಲೆಕ್ಕದಲ್ಲಿ. ಮೂರು ವರ್ಷಕ್ಕೆ ಪದವಿ ಮುಗಿಸಿ ಹೋಗುವವನು ಹಲಸು ನೆಟ್ಟರೆ ಹಣ್ಣು ತಿನ್ನುವವನು ಇನ್ಯಾರೋ. ಲಾಮಾ ಕ್ಯಾಂಪಿನ ವಿದ್ಯಾರ್ಥಿಗೆ ಆ ಚಿಂತೆ ಇಲ್ಲ. ಗೆಶೆ ಆಗುವಷ್ಟರಲ್ಲಿ ತಾನು ನೆಟ್ಟ ಹಲಸಿನ ತೊಳೆ ತಾನೇ ಬಿಡಿಸಿ ತಿಂದಿರುತ್ತಾನೆ.

ನಾಗರಭಾವಿಯ ರಸ್ತೆ

ಮಂತ್ರಿ ಪದವಿ ಹೋದ ಮರುವರ್ಷವೇ, 1972ರಲ್ಲಿ, ರಾವ್ ಬೆಂಗಳೂರಿನಲ್ಲಿ ಮೂರನೇ ಸಂಸ್ಥೆ ಕಟ್ಟಿದರು. ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ. ಐಸೆಕ್ ಅಂದರೆ ಎಲ್ಲರಿಗೂ ಗೊತ್ತು. ವಯಸ್ಸು ಅರವತ್ತು ದಾಟಿತ್ತು. ಸಂಸದರಾಗಿ ದಿಲ್ಲಿಯಲ್ಲೇ ಆರಾಮಾಗಿ ಉಳಿಯಬಹುದಿತ್ತು. 1977ರವರೆಗೆ ತಾವೇ ನಿರ್ದೇಶಕರಾಗಿ ನಿಂತು ಅದನ್ನು ಕಟ್ಟಿದರು. ಕರ್ನಾಟಕದ ರೈತರ ಸ್ಥಿತಿಗತಿ ಅಧ್ಯಯನ ಮಾಡುವ ಕೃಷಿ ಅಭಿವೃದ್ಧಿ ಕೇಂದ್ರ ಅದರೊಳಗೇ ಇದೆ. 1974ರಲ್ಲಿ ಪದ್ಮವಿಭೂಷಣ ಬಂತು.

ಐಸೆಕ್ ಇರುವುದು ನಾಗರಭಾವಿಯಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಪಕ್ಕ. ಸುತ್ತ ಬಡಾವಣೆ ಎದ್ದು ನಗರ ನುಂಗುತ್ತ ಬಂದರೂ ಜ್ಞಾನಭಾರತಿಯ ನೂರಾರು ಎಕರೆ ಇನ್ನೂ ಹಸಿರಾಗಿದೆ. ಅಲ್ಲಿನ ಬಯೋಪಾರ್ಕಿನ ಸಸಿಗಳಲ್ಲಿ ಎನ್‌ಎಸ್‌ಎಸ್ ವಿದ್ಯಾರ್ಥಿಗಳ ಕೈ ಇದೆ. ಬೆಳಿಗ್ಗೆ ವಾಕಿಂಗ್ ಬರುವ ಸುತ್ತಲಿನ ಜನರಿಗೆ ಅದು ಪುಕ್ಕಟೆ ಗಾಳಿ. ಅದಕ್ಕೂ ಜಿಡಿಪಿಯಲ್ಲಿ ಕಾಲಂ ಇಲ್ಲ.

1991ರ ಜುಲೈ 25ರಂದು ರಾವ್ ತೀರಿಕೊಂಡರು. ಹಿಂದಿನ ದಿನ, ಜುಲೈ 24ರಂದು, ಅವರು ಕಟ್ಟಿದ ದಿಲ್ಲಿ ಸ್ಕೂಲಿನಲ್ಲಿ ಒಂದು ಕಾಲಕ್ಕೆ ಪಾಠ ಮಾಡಿದ್ದ ಮನಮೋಹನ್ ಸಿಂಗ್ ಹಣಕಾಸು ಮಂತ್ರಿಯಾಗಿ ಲೋಕಸಭೆಯಲ್ಲಿ ಆ ಪ್ರಸಿದ್ಧ ಬಜೆಟ್ ಮಂಡಿಸಿದ್ದರು. ಮರುದಿನದ ಪತ್ರಿಕೆಗಳ ತುಂಬ ಬಜೆಟ್ಟೇ.

ಐಸೆಕ್ ಗೇಟಿನ ಮುಂದಿನ ರಸ್ತೆಗೆ ಈಗ ಡಾ. ವಿ.ಕೆ.ಆರ್.ವಿ. ರಾವ್ ರಸ್ತೆ ಅಂತ ಹೆಸರು. ಮುಂಡಗೋಡ ಕಡೆಯ ಕಾಲೇಜುಗಳಲ್ಲಿ ಸೆಪ್ಟೆಂಬರ್ 24ರ ಎನ್‌ಎಸ್‌ಎಸ್ ದಿನಾಚರಣೆಗೆ ಇನ್ನು ಎರಡು ತಿಂಗಳಿದೆ. ಈ ವಾರ ನೆಟ್ಟ ಸಸಿಗಳಿಗೆ ನೀರು ಹೊರುವ ಕೆಲಸ ಶುರುವಾಗಲು ಆರು ತಿಂಗಳು.